ಕಿಟಕಿ ಮುಚ್ಚಿದರೂ ಕಂಡ ಕಂಕಣ

2019ರ ಡಿಸೆಂಬರ್ 26ರ ಬೆಳಿಗ್ಗೆ ನಮ್ಮ ಮಕ್ಕಳನ್ನು ತರಗತಿಯೊಳಗೆ ಕೂಡಿಹಾಕಿದ್ದು ಊರಿನ ಜ್ಯೋತಿಷಿಯಲ್ಲ, ವಿಜ್ಞಾನ ಪದವಿ ಪಡೆದ ನಮ್ಮ ಮುಖ್ಯ ಶಿಕ್ಷಕರು. ಆ ಸಿಟ್ಟು ನನಗೆ ಇನ್ನೂ ಆರಿಲ್ಲ.

ನಮ್ಮದು ದಕ್ಷಿಣ ಕೊಡಗಿನ ಕುಟ್ಟದ ಕಡೆಯ ಶಾಲೆ. ಅಂದಿನ ಕಂಕಣ ಗ್ರಹಣದ ಪಟ್ಟಿ ನೇರ ನಮ್ಮ ಮೇಲೆಯೇ ಹಾದುಹೋಗುವುದಿತ್ತು. ಅದನ್ನು ನೋಡಲು ಬೆಂಗಳೂರಿನಿಂದ ಜನ ಬರುತ್ತಿದ್ದರು. ನಮ್ಮ ಮಕ್ಕಳು ಚಪ್ಪಲಿ ಡಬ್ಬಿಗಳಲ್ಲಿ ಸೂಜಿರಂಧ್ರ ಕ್ಯಾಮೆರಾ ಮಾಡಿಕೊಂಡು ಎಂಟಕ್ಕೆ ಮೊದಲೇ ಬಂದಿದ್ದರು.

"ಯಾರದಾದ್ರೂ ಕಣ್ಣಿಗೆ ಹೆಚ್ಚುಕಮ್ಮಿ ಆದ್ರೆ ಬಿಇಒಗೆ ಉತ್ತರ ಕೊಡೋದು ನೀವಾ, ನಾನಾ?" ಎಂದು ಮುಖ್ಯ ಶಿಕ್ಷಕರು ಎಲ್ಲರನ್ನೂ ಒಳಗೆ ಕಳಿಸಿದರು. ಕಿಟಕಿಗಳನ್ನು ಮುಚ್ಚಿಸಿದರು. ಡಬ್ಬಿಗಳಿಗೂ ಕಣ್ಣಿಗೂ ಸಂಬಂಧವೇ ಇಲ್ಲ, ಸೂರ್ಯನಿಗೆ ಬೆನ್ನು ಮಾಡಿ ನೋಡುವುದು ಎಂದು ಬೇಡಿಕೊಂಡೆ. ಅವರು ಕೇಳಲಿಲ್ಲ.

ಕತ್ತಲು ಕೋಣೆ. ಹೊರಗೆ ಹಕ್ಕಿಗಳ ಸದ್ದೂ ಇಳಿಯುತ್ತಿತ್ತು. ಒಬ್ಬಳು ಹುಡುಗಿ, "ಮಿಸ್, ಮುಗಿದುಹೋಯ್ತಾ?" ಎಂದಳು. ಏನು ಹೇಳಲಿ? ಗಂಟಲು ಕಟ್ಟಿತು. ಆಗ ನೆಲದ ಮೇಲೆ ಬಿದ್ದ ಒಂದು ಬೆಳಕಿನ ತುಣುಕು ಕಣ್ಣಿಗೆ ಬಿತ್ತು. ಒಡೆದ ಹೆಂಚಿನ ಸಂದಿಯಿಂದ ಬಂದದ್ದು, ಆಕಾರ ಕುಡುಗೋಲಿನಂತೆ! ಸಂದಿಯೇ ಸೂಜಿರಂಧ್ರ, ಕೋಣೆಯೇ ಕ್ಯಾಮೆರಾ. ಬಿಳಿ ಹಾಳೆಯನ್ನು ಆ ಕಿರಣಕ್ಕೆ ಅಡ್ಡ ಹಿಡಿದೆ. ಒಂಬತ್ತೂವರೆ ಸಮೀಪಿಸುತ್ತಿದ್ದಂತೆ ಎರಡೂ ತುದಿಗಳು ಬೆಳೆದು ಒಂದನ್ನೊಂದು ಮುಟ್ಟಿದವು. ಹಾಳೆಯ ಮೇಲೆ ಪೂರ್ತಿ ಉಂಗುರ! ಮಕ್ಕಳ ಕೂಗಿಗೆ ಮುಖ್ಯ ಶಿಕ್ಷಕರು ಓಡಿಬಂದರು. ನೋಡಿದರು, ಗದರಿ ಹೋದರು. ಎರಡು ಮೂರು ನಿಮಿಷದಲ್ಲಿ ಉಂಗುರ ಒಡೆಯಿತು. ಸಂದಿ ದುಂಡಗಿಲ್ಲದಿದ್ದರೂ ಬಿಂಬ ಸೂರ್ಯನದೇ ಏಕೆ ಎಂದು ಮಕ್ಕಳು ಅಂದು ಕೇಳಿದಷ್ಟು ಪ್ರಶ್ನೆ ನನ್ನ ಯಾವ ಪಾಠದಲ್ಲೂ ಕೇಳಿರಲಿಲ್ಲ.

ಗ್ರಹಣದ ಚಿತ್ರ ಬಿಡಿಸಿದ್ದಕ್ಕೆ ಅಂಕ ಕೊಟ್ಟು, ಗ್ರಹಣದ ದಿನ ಬಾಗಿಲು ಹಾಕಿದರೆ ಮಗು ನಮ್ಮ ಪಾಠವನ್ನು ನಂಬುವುದೋ, ನಮ್ಮ ಭಯವನ್ನೋ?

ಸಹೋದ್ಯೋಗಿಗಳಿಗೆ ನನ್ನ ಸಲಹೆ ಇಷ್ಟು. ಪೋಷಕರ ಒಪ್ಪಿಗೆಯನ್ನು ತಿಂಗಳ ಮೊದಲೇ ಬರಹದಲ್ಲಿ ಪಡೆಯಿರಿ. ಎಕ್ಸ್‌ರೇ ಫಿಲ್ಮ್, ಕೂಲಿಂಗ್ ಗ್ಲಾಸ್ ಬೇಡವೇ ಬೇಡ. ಸೂರ್ಯನನ್ನು ನೇರ ನೋಡುವುದಾದರೆ ಐಎಸ್‌ಒ 12312-2 ಎಂದಿರುವ ಗ್ರಹಣ ಕನ್ನಡಕವೇ ಆಗಬೇಕು. 2031ರ ಮೇ 21ರಂದು ಕೇರಳ, ತಮಿಳುನಾಡಿನಲ್ಲಿ ಮತ್ತೆ ಕಂಕಣ ಗ್ರಹಣ, ನಮ್ಮಲ್ಲಿ ಪಾರ್ಶ್ವ ಗ್ರಹಣ. ಅದು ಬೇಸಿಗೆ ರಜೆಯ ಕಾಲ, ಶಾಲೆಯ ಅಪ್ಪಣೆಗೆ ಕಾಯಬೇಕಿಲ್ಲ. ಮಕ್ಕಳನ್ನು ಮನೆಮಂದಿಯ ಸಮೇತ ಬಯಲಿಗೆ ಕರೆಯಿರಿ.