ಬಡಗಣ ಮಾಡು

2021ರ ಮೇ 15, ಶನಿವಾರ. ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಡುವಣಕ್ಕೆ ಹಾದು ಗುಜರಾತಿನ ಕಡೆ ಏರಿಹೋದ ದಿನ. ಕುಂದಾಪುರದ ಬಳಿಯ ನಮ್ಮ ಹಂಚಿನ ಮನೆಗೆ ತೆಂಕಣ ಗಾಳಿ ಹಗಲಿಡೀ ಹೊಡೆಯಿತು. ಮೂರು ಗಂಟೆ ಹೊತ್ತಿಗೆ ತೆಂಗಿನ ಮಡಲೊಂದು ಕಾಯಿಗೊನೆ ಸಮೇತ ತೆಂಕಣ ಮಾಡಿನ ಮೇಲೆ ಬಿತ್ತು. ಚಾವಡಿಯಲ್ಲಿ ಆಕಾಶ ಕಂಡಿತು. ಅತ್ತೆ ದೇವರ ಕೋಣೆಯ ಬಾಗಿಲು ಹಾಕಿ ಅಲ್ಲೇ ಕೂತರು.

ಮರುದಿನ ಮಳೆ ಸ್ವಲ್ಪ ಬಿಟ್ಟದ್ದೇ ಮೈದುನ ಏಣಿ ಹಾಕಿ ಮಾಡು ಹತ್ತಿದ. ಕಂಬದಿಂದ ಬಂದ ವಯರು ಸೂರಂಚಿನ ಮೇಲೆ ಬಿದ್ದಿತ್ತು. ಅದನ್ನು ಯಾರೂ ನೋಡಿರಲಿಲ್ಲ. ಹಾವಸೆ ಹಿಡಿದ ಒದ್ದೆ ಹಂಚಿನ ಮೇಲೆ ಕಾಲು ಜಾರಿ, ರೀಪು ಹಿಡಿದುಕೊಂಡು ಬಚಾವಾದ. ಅವನ ಕಾಲಡಿಯಲ್ಲಿ ಒಡೆದದ್ದು ಒಂಬತ್ತು ಹಂಚು. ಕರೆಂಟು ಇಲ್ಲದ್ದರಿಂದ ಆ ದಿನ ಅನಾಹುತ ತಪ್ಪಿತು. ಆ ವಯರನ್ನು ಈಗಲೂ ನೆನೆಸಿಕೊಂಡರೆ ಕೈಕಾಲು ತಣ್ಣಗಾಗುತ್ತದೆ. ಗಾಳಿಮಳೆಯ ಮರುದಿನ ಮೊದಲು ಮೀಟರಿನ ಬಳಿ ಮೇನ್ ಸ್ವಿಚ್ಚು ಇಳಿಸಬೇಕು, ಬಿದ್ದ ವಯರಿದ್ದರೆ ಲೈನ್‌ಮ್ಯಾನ್ ಬಂದು ಸಪ್ಲೈ ತೆಗೆಯುವ ತನಕ ಆ ಕಡೆ ಸುಳಿಯಬಾರದು. ಏಣಿಯ ಮಾತೆಲ್ಲ ಅದರ ಆಮೇಲೆ.

ಆಗ ಲಾಕ್‌ಡೌನ್. ಅಂಗಡಿ ಬೆಳಿಗ್ಗೆ ಹತ್ತಕ್ಕೆ ಮುಚ್ಚುತ್ತಿತ್ತು. ಸಿಕ್ಕ ಟಾರ್ಪಾಲು ಹೊದೆಸಿ, ಹಟ್ಟಿಯ ಹಿಂದೆ ಪೇರಿಸಿಟ್ಟಿದ್ದ ಹಳೆಯ ಹಂಚಿನಿಂದ ನಾಲ್ಕು ದಿನದೊಳಗೆ ತೂತು ಮುಚ್ಚಿದೆವು. ಮಡಲು ಬಿದ್ದಲ್ಲಿ 38 ಹಂಚು, ಮೈದುನ ಒಡೆದ 9. ಚಾವಡಿ ಒಣಗಿತು. ಮಾಡಿನ ಕೆಲಸ ಮುಗಿಯಿತೆಂದು ನಾವು ನಂಬಿದೆವು. ನನ್ನ ದೊಡ್ಡ ತಪ್ಪು ಅದು.

ಜುಲೈಯಲ್ಲಿ ಉಗ್ರಾಣದಿಂದ ಮುಗ್ಗಲು ವಾಸನೆ ಬಂತು. ಉಗ್ರಾಣ ಇರುವುದು ಬಡಗು ಬದಿಗೆ. ಗಾಳಿ ಹೊಡೆದದ್ದು ತೆಂಕಿನಿಂದ, ಮಡಲು ಬಿದ್ದದ್ದು ತೆಂಕಿಗೆ, ಬಡಗಿಗೆ ಏನಾಗಲು ಸಾಧ್ಯ? ಅಕ್ಕಿ ಮುಡಿ ಜಾಗ ಬದಲಿಸಿ ಸುಮ್ಮನಾದೆ. ಮುಂದಿನ ಏಪ್ರಿಲ್‌ನಲ್ಲಿ ಹಂಚು ಕೈಯಾಡಿಸಲು ಬಂದ ಆಚಾರ್ರು ಉಗ್ರಾಣದ ಮೂಲೆಯಲ್ಲಿ ಪಕಾಸಿನ ತುದಿಗೆ ಉಳಿಯ ಮೊನೆ ಒತ್ತಿದರು. ಬೆಲ್ಲಕ್ಕೆ ಒತ್ತಿದ ಹಾಗೆ ಒಳಗೆ ಹೋಯಿತು. ಗೋಡೆಯ ಮೇಲಿಂದ ಒರಲೆಯೂ ಹತ್ತಿತ್ತು. ಎರಡು ಪಕಾಸು, ಆರು ರೀಪು ಬದಲಾಯಿಸಬೇಕಾಯಿತು.

"ಟೀಚರ್ರೇ, ಗಾಳಿಗೆ ಬಿದ್ದ ಹಂಚು ಎಲ್ಲರಿಗೂ ಕಾಣತ್ತ್. ಎದ್ದ್ ಕೂತ ಹಂಚ್ ಕಾಂಬುದ್ ಕಷ್ಟ" ಎಂದರು ಅವರು.

ಮಂಗಳೂರು ಹಂಚಿನ ಹಿಕಮತ್ತೆಲ್ಲ ಈ ಮಾತಿನಲ್ಲಿದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಈ ಹಂಚಿಗೆ ಮೊಳೆಯ ಹಂಗಿಲ್ಲ. ಬೆನ್ನಿನ ಗುಬುಟು ರೀಪಿಗೆ ಸಿಕ್ಕಿಕೊಂಡು, ಅಂಚಿನ ಗೀರು ಪಕ್ಕದ ಹಂಚಿನ ಗೀರಿನಲ್ಲಿ ಕೂತು, ಎರಡೂವರೆ ಕಿಲೋದ ಆಸುಪಾಸಿನ ತನ್ನ ಭಾರದಲ್ಲೇ ನಿಲ್ಲುತ್ತದೆ. ಗಾಳಿ ಮಾಡಿನ ಒಂದು ಬದಿಯನ್ನು ಒತ್ತಿ ನೆತ್ತಿ ದಾಟಿತೆಂದರೆ ಆಚೆ ಬದಿಯನ್ನು ಹೀರುತ್ತದೆ. ತೆರೆದ ಜಗಲಿಯಿಂದ ನುಗ್ಗಿದ ಗಾಳಿ ಒಳಗಿಂದಲೂ ಎತ್ತುತ್ತದೆ. ಮರೆಯ ಬದಿಯ ಹಂಚು ಹೀಗೆ ಒಂದು ಕ್ಷಣ ಎದ್ದು ಮತ್ತೆ ಕೂರುತ್ತದೆ. ಆದರೆ ಎರಡು ಬೆರಳು ಓರೆಯಾಗಿ. ಅಂಗಳದಿಂದ ನೋಡಿದರೆ ಎಲ್ಲ ಹಂಚೂ ಇದೆ. ಗೀರು ಮಾತ್ರ ಕೂತಿಲ್ಲ. ನೀರು ಇಳಿಯಲು ಅಷ್ಟು ಸಾಕು. ಸೂರಿನ ಕೊನೆಯ ಸಾಲು, ನೆತ್ತಿ ಮತ್ತು ಮೂಲೆಗಳಿಗೆ ಈ ಎಳೆತ ಹೆಚ್ಚು. ನಮ್ಮ ಉಗ್ರಾಣ ಇದ್ದದ್ದು ಮೂಲೆಯಲ್ಲೇ.

ಮಾಡನ್ನು ಒಳಗಿನಿಂದ ನೋಡಬೇಕೆಂದು ಕಲಿತದ್ದು ಅವತ್ತು. ಮಧ್ಯಾಹ್ನ ಬಿಸಿಲಿರುವಾಗ ಕಿಟಕಿ ಬಾಗಿಲು ಮುಚ್ಚಿ, ಕತ್ತಲೆಗೆ ಕಣ್ಣು ಹೊಂದುವ ತನಕ ಅಟ್ಟದಲ್ಲಿ ಕೂರುತ್ತೇನೆ. ಹಂಚಿನ ಮನೆಯಲ್ಲಿ ಚುಕ್ಕಿ ಬೆಳಕು ಯಾವಾಗಲೂ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಗೆರೆಯ ಹಾಗೆ ಬೆಳಕು ಬಂದರೆ ಅಲ್ಲಿ ಹಂಚು ಸರಿದಿದೆ. ಮಾಮೂಲಿ ಚುಕ್ಕಿ ಯಾವುದು, ಹೊಸ ಗೆರೆ ಯಾವುದು ಎಂದು ತಿಳಿಯಲು ಗಾಳಿ ಬರುವ ಮೊದಲೇ ಒಮ್ಮೆ ನೋಡಿಟ್ಟಿರಬೇಕು. ನಾನು ಆ ಮನೆಗೆ ಬಂದು ಇಪ್ಪತ್ತಾರು ವರ್ಷವಾಗಿತ್ತು, ಒಂದು ದಿನವೂ ನೋಡಿರಲಿಲ್ಲ.

ಬೆಳಕು ತೋರಿಸದ್ದನ್ನು ಮಳೆ ತೋರಿಸುತ್ತದೆ. ಜೋರು ಮಳೆಯ ರಾತ್ರಿ ಟಾರ್ಚು, ಸೀಮೆಸುಣ್ಣ ಹಿಡಿದು ಹೋಗಿ, ತೊಟ್ಟಿಕ್ಕುವಲ್ಲಿ ನೆಲ ನೋಡದೆ ತಲೆಯೆತ್ತಿ ಪಕಾಸು ನೋಡಬೇಕು. ನೀರು ಬಿದ್ದ ಜಾಗಕ್ಕೆ ನೆಟ್ಟಗೆ ಮೇಲೆ ತೂತು ಇರುವುದು ಕಡಿಮೆ. ಎಲ್ಲೋ ಮೇಲೆ ಒಳಹೊಕ್ಕ ಹನಿ ಪಕಾಸಿನ ಹೊಟ್ಟೆಗುಂಟ ಜಾರಿ, ಗಂಟೋ ರೀಪೋ ಅಡ್ಡ ಬಂದಲ್ಲಿ ಬೀಳುತ್ತದೆ. ಒದ್ದೆಯ ಜಾಡು ಹಿಡಿದು ಮೇಲೆ ಹೋಗಿ, ಶುರುವಾದಲ್ಲಿ ಗೀಟು ಹಾಕಿಟ್ಟರೆ ಮಳೆ ಬಿಟ್ಟ ಮೇಲೆ ಹುಡುಕುವ ಕೆಲಸವಿಲ್ಲ. ನಮ್ಮ ಉಗ್ರಾಣದಲ್ಲಿ ನೀರು ಬಿದ್ದ ಜಾಗಕ್ಕೂ ಸರಿದ ಹಂಚಿಗೂ ಐದಡಿ ದೂರವಿತ್ತು.

ಹೊರಗಿನಿಂದಲೂ ನೋಡುವುದಿದೆ, ಅಂಗಳದ ಕೊನೆಗೆ ಹೋಗಿ. ಹಂಚಿನ ಸಾಲು ಅಲೆಯಾಗಿದೆಯೇ, ನೆತ್ತಿಯ ಗೆರೆ ನಡುವೆ ಕುಸಿದಿದೆಯೇ ಎಂಬುದು ದೂರದಿಂದ ಮಾತ್ರ ತಿಳಿಯುತ್ತದೆ. ಕೈಗೆ ಎಟಕುವ ಹಂಚನ್ನು ಬೆರಳ ಗಣ್ಣಿನಿಂದ ಕುಟ್ಟಿದರೆ ಸರಿಯಿದ್ದದ್ದು ಟಣ್ ಎನ್ನುತ್ತದೆ. ಬಿರುಕು ಬಿಟ್ಟದ್ದರ ದನಿ ಒಡಕು.

ಪರಿಹಾರದ ವಿಷಯದಲ್ಲೂ ಅವಸರ ಮಾಡಿದೆ. ಕಚ್ಚಾ ಪಕ್ಕಾ ಮನೆಗಳ ಭಾಗಶಃ ಹಾನಿಗೆ ಸರ್ಕಾರದ ಪರಿಹಾರ ಸಿಗಬೇಕಾದರೆ ಕನಿಷ್ಠ ಶೇಕಡಾ 15ರಷ್ಟು ಹಾನಿಯಾಗಿರಬೇಕು. ಗ್ರಾಮಲೆಕ್ಕಿಗರು ನೋಡಲು ಬಂದಾಗ ತೂತು ಮುಚ್ಚಿಯಾಗಿತ್ತು, ಒಡೆದ ಹಂಚು ಗುಂಡಿಗೆ ಸೇರಿತ್ತು. ಒಂದು ಫೋಟೋ ಕೂಡ ಇರಲಿಲ್ಲ. ಬಡಗಣ ಮಾಡಿನ ಸುದ್ದಿ ಆಗ ನನಗೇ ಗೊತ್ತಿರಲಿಲ್ಲ, ಹೇಳುವುದೇನು? ಈಗ ಟಾರ್ಪಾಲು ಹೊದೆಸುವ ಮೊದಲು ನಾಲ್ಕೂ ದಿಕ್ಕಿನಿಂದ, ಒಳಗಿನಿಂದ ಫೋಟೋ ತೆಗೆದು, ಹೋದ ಹಂಚು ಎಣಿಸಿ ಬರೆದಿಡುತ್ತೇನೆ.

ಮರ ಬದಲಾಯಿಸಿದ ಮೇಲೆ ಸೂರಿನ ಎರಡು ಸಾಲು, ನಾಲ್ಕು ಮೂಲೆಗಳ ಹಂಚನ್ನು ಬೆನ್ನಿನ ತೂತಿಗೆ ತಂತಿ ಪೋಣಿಸಿ ರೀಪಿಗೆ ಕಟ್ಟಿಸಿದೆ. ಹಂಚಿಗಾಗಿ ಮಾತ್ರ ಅಲೆದಾಡಬೇಕಾಯಿತು. ಒಂದು ಕಾರ್ಖಾನೆಯ ಗೀರಿಗೆ ಇನ್ನೊಂದರ ಹಂಚು ಸರಿಯಾಗಿ ಕೂರುವುದಿಲ್ಲ. ಹೊಸದು ತಂದು ಹಾಕಿದರೆ ಮತ್ತೆ ಅದೇ ಸಂದು. ಕೊನೆಗೆ ಪಕ್ಕದೂರಲ್ಲಿ ಕೆಡವುತ್ತಿದ್ದ ಹಳೆ ಮನೆಯೊಂದರಲ್ಲಿ ನಮ್ಮದೇ ಅಚ್ಚಿನ ಹಂಚು ಸಿಕ್ಕಿತು. ಬೆನ್ನ ಮೇಲಿನ ಅಕ್ಷರ ಒಂದೊಂದಾಗಿ ನೋಡಿ ಇನ್ನೂರು ಆರಿಸಿ ತಂದೆ. ಹಟ್ಟಿಯ ಹಿಂದೆ ನಿಲ್ಲಿಸಿಟ್ಟಿದ್ದೇವೆ. ಉಗ್ರಾಣದ ಆ ಎರಡು ಪಕಾಸು ಹೊಗೆ ಕುಡಿದ ಹಳೆಯವುಗಳ ನಡುವೆ ಇನ್ನೂ ಬಿಳಿಚಾಗಿಯೇ ಇವೆ. ಅವುಗಳ ಪಕ್ಕದ ಸೀಮೆಸುಣ್ಣದ ಗೀಟನ್ನು ನಾನು ಒರೆಸಿಲ್ಲ.