ಅತ್ತೆಗೊಂದು ದಿವಾನ್

ನಿಲಕ್ಕೋಟ್ಟೈಯಲ್ಲಿ ಮಲ್ಲಿಗೆ ಬೆಳೆಯುವವರಿಗೆ ಬೆಳಕು ಹರಿಯುವ ಮೊದಲೇ ದಿನ ಶುರು. ಮೊಗ್ಗು ಅರಳುವುದರೊಳಗೆ ಬಿಡಿಸಿ ಪೇಟೆಗೆ ಮುಟ್ಟಿಸಬೇಕು. ಊಟವಾದ ಮೇಲೆ ಬೇವಿನ ನೆರಳಲ್ಲಿ, ಹಗ್ಗದ ಮಂಚದ ಮೇಲೆ ಒಂದು ನಿದ್ದೆ. ಹಗಲಿಗೆಂದೇ ಒಂದು ಮಂಚ ಇರುವುದು ಈ ಕಡೆ ಶೋಕಿಯಲ್ಲ.

ನಮ್ಮತ್ತೆ ಕಂಬಂ ಕಣಿವೆಯ ಒಕ್ಕಲಿಗರ ಮನೆಯವರು. ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ. ಮೊಣಕಾಲು ನೋವು ಹೆಚ್ಚಾದ ಮೇಲೆ ಹಗ್ಗದ ಮಂಚ ಅವರಿಗೆ ಆಗದಾಯಿತು. ಮಲಗಲು ಅದಕ್ಕಿಂತ ತಂಪಾದದ್ದು ಇನ್ನೊಂದಿಲ್ಲ, ಕೆಳಗಿನಿಂದಲೂ ಗಾಳಿ ಆಡುತ್ತದೆ. ಆದರೆ ಕೂತರೆ ನಡು ಜೋತುಬೀಳುತ್ತದೆ, ಅಂಚಿನ ಮರ ತೊಡೆಗೆ ಒತ್ತುತ್ತದೆ, ಏಳಲು ಇನ್ನೊಬ್ಬರ ಕೈ ಬೇಕು. ಕೂತು ಹೂ ಕಟ್ಟಲು, ಹಾಗೇ ಪಕ್ಕಕ್ಕೆ ಒರಗಲು, ನೆಂಟರು ಬಂದರೆ ಮೂವರು ಸಾಲಾಗಿ ಕೂರಲು ಒಂದು ದಿವಾನ್ ತರೋಣ ಎಂದು ಹೊರಟೆವು.

ಈ ಭಾಗದಲ್ಲಿ ಹಳೆಯ ಮರದ ಸಾಮಾನು ಎಂದರೆ ಎಲ್ಲರ ಬೆರಳೂ ಕಾರೈಕುಡಿಯ ಕಡೆಗೇ. ಅಲ್ಲಿನ ಮುನೀಶ್ವರನ್ ಕೋವಿಲ್ ಬೀದಿಯಲ್ಲಿ ಸಾಲು ಸಾಲು ಅಂಗಡಿಗಳಿವೆ. ನಗರತ್ತಾರ್ ಚೆಟ್ಟಿಯಾರರು ಬರ್ಮಾ, ಸಿಲೋನ್, ಮಲಯದಲ್ಲಿ ವ್ಯವಹಾರ ಮಾಡಿ, ಬರ್ಮಾ ತೇಗ ತರಿಸಿ ಬಂಗಲೆ ಕಟ್ಟಿದವರು. 1942ರಲ್ಲಿ ಜಪಾನೀಯರು ಬರ್ಮಾವನ್ನು ಹಿಡಿದ ಮೇಲೆ ಆ ವ್ಯವಹಾರ ಮುರಿದುಬಿತ್ತು. ಮುಂದೆ ಎಷ್ಟೋ ಮನೆಗಳು ಪಾಲಾದವು, ಬಿಚ್ಚಿ ಮಾರಾಟವಾದವು. ಕಂಬ, ಬಾಗಿಲು, ಮಂಚ, ಕೊನೆಗೆ ಎನಾಮಲ್ ತಟ್ಟೆ ಕೂಡ ಆ ಬೀದಿಗೆ ಬಂದು ಸೇರಿವೆ.

ಅಲ್ಲಿ ಮಂಚವನ್ನು ಮೇಲಿನಿಂದ ನೋಡಿ ಪ್ರಯೋಜನವಿಲ್ಲ, ಮಗುಚಿ ನೋಡಬೇಕು. ನಮ್ಮ ಜೊತೆ ಬಂದಿದ್ದ ಹಿರಿಯ ಆಸಾರಿ ಅಂಗಡಿಯವನ ಮಾತಿಗೆ ಕಿವಿಗೊಡದೆ ನೆಲಕ್ಕೆ ಕೂತು, ಟಾರ್ಚ್ ಹಿಡಿದು ಅಡಿಭಾಗ ನೋಡುತ್ತಾ ಹೋದರು. ಕೈಗರಗಸದಿಂದ ಕೊಯ್ದ ಹಲಗೆಯಲ್ಲಿ ಗೆರೆಗಳು ನೇರವಾಗಿ, ಏರುಪೇರಾಗಿ ಇರುತ್ತವೆ. ಯಂತ್ರದ ಚಕ್ರಗರಗಸ ಕಮಾನಿನ ಗೆರೆ ಬಿಡುತ್ತದೆ. ನೀರು ಹೊಯ್ದು ತೊಳೆಯುವ ನೆಲದ ಮೇಲೆ ದಶಕಗಟ್ಟಲೆ ನಿಂತ ಕಾಲಿನ ಬುಡ ಕಪ್ಪಾಗಿ ಸವೆದಿರುತ್ತದೆ. ಪಾಲಿಷ್ ಆ ಬುಡದವರೆಗೂ ಒಂದೇ ಸಮ ಹೊಳೆಯುತ್ತಿದ್ದರೆ ಅನುಮಾನ ಪಡಬೇಕು. 'ಬ್ರಿಟಿಷ್ ಕಾಲದ್ದು' ಎಂದ ಒಂದು ಮಂಚದಲ್ಲಿ ಪ್ಲಸ್ ಗುರುತಿನ ಸ್ಕ್ರೂಗಳಿದ್ದವು. ಆ ಸ್ಕ್ರೂ ಅಮೆರಿಕದಲ್ಲೇ ಮಾರುಕಟ್ಟೆಗೆ ಬಂದದ್ದು 1930ರ ದಶಕದಲ್ಲಿ. ಆಮೇಲೆ ರಿಪೇರಿ ಮಾಡಿದ್ದೂ ಇರಬಹುದು, ಆದರೆ ಅದನ್ನು ಹೇಳಿ ಮಾರಬೇಕು. ಇನ್ನೊಂದು ದಿವಾನಿನ ಹಲಗೆ ಹಿಂದೆ ಬಾಗಿಲಾಗಿತ್ತು: ಅಂಚಿನಲ್ಲಿ ತಿರುಗಣಿ ಕೂರಿಸಿದ ಗುಳಿ, ನಡುವೆ ಬೀಗದ ತೂತಿಗೆ ಜಡಿದ ಮರದ ಬಿಲ್ಲೆ. ದಿಂಡುಗಲ್ ಬೀಗದ ಜಿಲ್ಲೆಯಿಂದ ಹೋದವರಿಗೆ ಅದು ಕಾಣದೆ ಇರುತ್ತದೆಯೇ! ಬಾಗಿಲಿನಿಂದ ಮಾಡಿದ ದಿವಾನ್ ಕೆಟ್ಟದ್ದೇನಲ್ಲ, ಆದರೆ ಅದಕ್ಕೆ ಪುರಾತನ ಮಂಚದ ಬೆಲೆ ಕೊಡಬಾರದು.

ಹುಳುವಿನ ವಿಚಾರವನ್ನೂ ಅಲ್ಲೇ ಕಲಿತೆ. ಸಣ್ಣ ತೂತುಗಳಿದ್ದ ಮಾತ್ರಕ್ಕೆ ಮಂಚ ಬಿಡಬೇಕಿಲ್ಲ. ಹುಳು ಹೋಗಿ ಎಷ್ಟೋ ಕಾಲವಾಗಿರಬಹುದು. ಮಂಚವನ್ನು ಮುಷ್ಟಿಯಿಂದ ಗುದ್ದಿದಾಗ ತೂತಿನಿಂದ ಮೈದಾದಷ್ಟು ನುಣ್ಣನೆಯ ಹೊಸ ಪುಡಿ ಉದುರಿದರೆ ಮಾತ್ರ ಒಳಗೆ ಇನ್ನೂ ಜೀವವಿದೆ ಎಂದರ್ಥ. ತೇಗಕ್ಕೆ ಹುಳು ಹಿಡಿಯುವುದಿಲ್ಲ ಎನ್ನುವ ಮಾತು ಅದರ ತಿರುಳಿಗೆ ಒಪ್ಪುತ್ತದೆ, ಹೊರಗಿನ ಬಿಳಿ ಭಾಗಕ್ಕಲ್ಲ.

ಕಡೆಗೆ ಒಂದು ನಿಜವಾದ ಹಳೆಯ ದಿವಾನ್ ಸಿಕ್ಕಿತು. ತೇಗದ್ದು, ಕಾಲು ಕಡೆತದ್ದು, ನೋಡಲು ರಾಜಗಾಂಭೀರ್ಯ. ಅತ್ತೆಯವರನ್ನು ಕೂರಿಸಿದರೆ ಅವರ ಪಾದ ನೆಲ ಮುಟ್ಟಲಿಲ್ಲ. ಬರೀ ಮರವೇ 22 ಅಂಗುಲ ಎತ್ತರ. ಕಾಲು ಕತ್ತರಿಸಿ ಕೊಡುತ್ತೇನೆಂದ ಅಂಗಡಿಯವ. ಆಸಾರಿ ನನ್ನ ಕಡೆ ತಿರುಗಿ, "ಬೇಡಮ್ಮಾ, ಕತ್ತರಿಸಿದರೆ ಹಳೆಯದೂ ಅಲ್ಲ, ಹೊಸದೂ ಅಲ್ಲ. ಇನ್ನೊಬ್ಬರು ಕೊಳ್ಳಲಿ ಬಿಡಿ," ಎಂದರು.

ಮಧುರೈ ಷೋರೂಮುಗಳಲ್ಲಿ ಇದರ ತಿರುವುಮುರುವು. ಮೀಸ್ ವಾನ್ ಡೆರ್ ರೋಹೆ 1930ರಲ್ಲಿ ರೂಪಿಸಿದ ಬಾರ್ಸಿಲೋನಾ ಡೇಬೆಡ್‌ನ ಛಾಯೆ ಹೊತ್ತ ಸಣಕಲು ಸ್ಟೀಲ್ ಕಾಲು, ರೆಕ್ಸಿನ್ ಹೊದಿಕೆ. ಎತ್ತರ 14 ಅಂಗುಲ, ಕೂತರೆ ಫೋಮ್ ಇನ್ನಷ್ಟು ಕುಸಿಯುತ್ತದೆ, ಮೊಣಕಾಲು ಸೊಂಟಕ್ಕಿಂತ ಮೇಲೇರುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ರೆಕ್ಸಿನ್ ಮೇಲೆ ಮಲಗುವುದು ನನ್ನ ಮಟ್ಟಿಗೆ ಶಿಕ್ಷೆಯೇ. ಏಸಿ ಕೋಣೆ ಇದ್ದವರಿಗೆ, ನೆಟ್ಟಗೆ ಏಳಬಲ್ಲ ವಯಸ್ಸಿನವರಿಗೆ ಅದು ಸರಿ.

ನಾವು ತಂದದ್ದು ಎರಡರ ನಡುವಿನದು. ಮನೆ ಖಾಲಿ ಮಾಡುತ್ತಿದ್ದ ಪರಿಚಯದವರಲ್ಲಿದ್ದ, 1960ರ ದಶಕದ ತೇಗದ ದಿವಾನ್. ಕೆತ್ತನೆ ಇಲ್ಲ, ಹೆಸರಿಲ್ಲ, ಮರ ಒಣಗಿ ಹದವಾಗಿದೆ. ಕಾಲಿಗೆ ತೂತು ಕೊರೆದು ಅಡ್ಡಪಟ್ಟಿ ಸೇರಿಸಿ ಬೆಣೆ ಹೊಡೆದ ಜೋಡಣೆ, ಹಾಗಾಗಿ ಬಿಚ್ಚಿ ನಮ್ಮ ಕಿರಿದಾದ ಬಾಗಿಲಲ್ಲಿ ಒಳಗೆ ತರಲು ಆಯಿತು. ಒಂದು ಮೂಲೆ ಹಿಡಿದು ಅಲುಗಾಡಿಸಿದಾಗ ನಾಲ್ಕೂ ಕಾಲು ಒಟ್ಟಿಗೆ ಕದಲಿದರೆ ಜೋಡಣೆ ಗಟ್ಟಿ ಎಂದು ತಿಳಿಯಬೇಕಂತೆ. ಬೆತ್ತದ ಹೆಣಿಗೆ ಸ್ವಲ್ಪ ಜೋತಿತ್ತು. ಎಳೆ ಕಡಿದಿರಲಿಲ್ಲವಾದ್ದರಿಂದ ಕೆಳಗಿನಿಂದ ಬಿಸಿನೀರಿನ ಬಟ್ಟೆ ಒತ್ತಿ ನೆನೆಸಿ ನೆರಳಲ್ಲಿ ಒಣಗಿಸಿದೆವು, ಬಿಗಿದುಕೊಂಡಿತು.

ಹಾಸಿಗೆಗೆ ಬೋಡಿನಾಯಕನೂರಿಗೆ ಹೋದೆವು. ಏಲಕ್ಕಿಯಷ್ಟೇ ಬೂರುಗದ ಅರಳೆಗೂ ಹೆಸರಾದ ಊರು ಅದು. ಅಳತೆ ಕೊಟ್ಟರೆ ಹೊಲಿದುಕೊಡುತ್ತಾರೆ. ಹಳೆಯ ದಿವಾನುಗಳು ಇವತ್ತಿನ ರೆಡಿಮೇಡ್ ಹಾಸಿಗೆಯ ಅಳತೆಗೆ ಹೊಂದುವುದು ಕಡಿಮೆ. ಬೂರುಗದ ಅರಳೆ ಹಗುರ, ಸೆಕೆ ಹಿಡಿಯುವುದಿಲ್ಲ. ಆದರೆ ಒಗೆಯುವಂತಿಲ್ಲ, ಆಗಾಗ ಬಿಸಿಲಿಗೆ ಹಾಕಬೇಕು, ಕೆಲವು ವರ್ಷಕ್ಕೆ ಅರಳೆ ಅಮರಿ ಗಟ್ಟಿಯಾಗುತ್ತದೆ. ಮರ 15 ಅಂಗುಲ, ಹಾಸಿಗೆ 3; ಕೂತಾಗ ಸುಮಾರು 17ಕ್ಕೆ ನಿಲ್ಲುತ್ತದೆ. ಅತ್ತೆಯ ಪಾದ ಪೂರ್ತಿ ನೆಲಕ್ಕೆ ಊರುತ್ತದೆ. ಅಗಲ ಎರಡೂವರೆ ಅಡಿ, ಮಲಗಲು ಸಾಕು. ಬೆನ್ನಿಗೆ ಎರಡು ಲೋಡು ಇಟ್ಟರೆ ಕೂರಲೂ ಹದ. ಲೋಡು ಇಲ್ಲದ ದಿವಾನ್ ಬರೀ ಮಂಚ.

ಇಷ್ಟು ಹೇಳಿದರೂ ಪುರಾತನದ್ದೇ ಬೇಕೆನ್ನುವವರಿಗೆ ಒಂದು ಮಾತು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ, 100 ವರ್ಷ ದಾಟಿದ ಕುಶಲಕಲೆಯ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಮುಂದೊಂದು ದಿನ ಹೊರದೇಶದಲ್ಲಿರುವ ಮಗಳ ಮನೆಗೆ ಕಳಿಸುವ ಯೋಚನೆ ಇದ್ದರೆ, ವಸ್ತು ಪುರಾತನವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯಬೇಕು. ದುಡ್ಡು ಕೊಡುವ ಮೊದಲೇ ಅದನ್ನು ವಿಚಾರಿಸಿಕೊಳ್ಳಿ.