ಬೋರ್‌ವೆಲ್‌ನಲ್ಲಿ ಬಂಡೆ ಸಿಕ್ಕರೆ ಪಾಯಕ್ಕೆ ಸಾಕೇ?

ಪ್ರಶ್ನೆ: ಪಾಂಡವಪುರದ ಹತ್ತಿರ ನಾಲೆ ಬಯಲಿನ ಗದ್ದೆಯಲ್ಲಿ ಎರಡು ಅಂತಸ್ತಿನ ಮನೆ ಕಟ್ಟಬೇಕೆಂದಿದ್ದೇವೆ. ಪಕ್ಕದವರ ಬೋರ್‌ವೆಲ್‌ನಲ್ಲಿ 20 ಅಡಿಗೇ ಬಂಡೆ ಸಿಕ್ಕಿದೆ. ಆದರೂ ಮಣ್ಣು ಪರೀಕ್ಷೆ ಬೇಕೇ?

ಉತ್ತರ: ಖಂಡಿತ ಬೇಕು. ಬೋರ್‌ವೆಲ್‌ನವರು ಹುಡುಕುವುದು ನೀರನ್ನು. ನಿಮ್ಮ ಮನೆ ಕೂರುವುದು ಅವರು ಕೇಸಿಂಗ್ ಪೈಪು ಇಳಿಸಿ ಮುಚ್ಚಿಬಿಟ್ಟ ಮೇಲಿನ ಮಣ್ಣಿನ ಮೇಲೆ.

ನಿಮ್ಮ ಸೀಮೆಯ ನೆಲ ಒಂದೇ ತೆರನಾಗಿಲ್ಲ. ನಾಗಮಂಗಲ, ಕೆ.ಆರ್. ಪೇಟೆಯ ದಿಣ್ಣೆಗಳಲ್ಲಿ ಕೆಂಪುಮಣ್ಣು ದಾಟಿದರೆ ಕೊಳೆತ ಕಲ್ಲು, ಆಮೇಲೆ ಬಂಡೆ ಬೇಗ ಸಿಗುವುದುಂಟು. ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಮೆಕ್ಕಲು, ಮರಳು. ನಿಮ್ಮಂಥ ಗದ್ದೆಬಯಲಿನಲ್ಲಿ ಮೇಲಿನ ಜೇಡಿ ವರ್ಷಗಟ್ಟಲೆ ನೀರುಂಡು ಮೆತ್ತಗಾಗಿರುತ್ತದೆ. ಅಲ್ಲಿ ಅಂತರ್ಜಲ ಮಳೆಯ ಜೊತೆಗೆ ವಿಶ್ವೇಶ್ವರಯ್ಯ ನಾಲೆಯ ಮಾತನ್ನೂ ಕೇಳುತ್ತದೆ. ನಾಲೆ ನಿಂತಾಗ ತೆಗೆದ ಗುಂಡಿ ಒಣಗಿ ಗಟ್ಟಿಯಾಗಿ ಕಾಣುತ್ತದೆ; ಭತ್ತದ ನಾಟಿಯ ಹೊತ್ತಿಗೆ ಅದರಲ್ಲೇ ನೀರು ಒಸರುತ್ತದೆ. ನೀರು ಪಾಯದ ಮಟ್ಟಕ್ಕೆ ಏರಿದರೆ ಮರಳುಮಣ್ಣು ಹೊರುವ ಭಾರ ಅರ್ಧದ ಹತ್ತಿರಕ್ಕೆ ಇಳಿಯಬಹುದು. ಆದ್ದರಿಂದ ನಾಲೆಯಲ್ಲಿ ನೀರು ಹರಿಯುವಾಗಲೇ ನೆಲವನ್ನು ಪರೀಕ್ಷಿಸಿ.

ಮೊದಲು ನಿವೇಶನದ ಎರಡು ಮೂಲೆಗಳಲ್ಲಿ ಪಾಯಕ್ಕಿಂತ ಆಳವಾದ ಗುಂಡಿ ತೆಗೆಸಿ, ಪದರ ಪದರವಾಗಿ ನೋಡಿ. ಆಮೇಲೆ ಕೊರೆತದ ಪರೀಕ್ಷೆ: 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬಿಟ್ಟು, ಮಾದರಿ ತೆಗೆಯುವ ಕೊಳವೆಯನ್ನು 45 ಸೆಂ.ಮೀ. ಇಳಿಸುತ್ತಾರೆ. ಕೊನೆಯ 30 ಸೆಂ.ಮೀ.ಗೆ ಬಿದ್ದ ಪೆಟ್ಟುಗಳೇ ಲೆಕ್ಕ. ಪೆಟ್ಟು ಕಡಿಮೆಯಾದಷ್ಟೂ ಮಣ್ಣು ಸಡಿಲ. ಕೊಳವೆ ಇಳಿಯದೇ ನಿಂತರೆ ಬಂಡೆ ಸಿಕ್ಕಿತೆಂದು ನಿಲ್ಲಿಸಲು ಬಿಡಬೇಡಿ. ಅದು ಮಣ್ಣಿನಲ್ಲಿ ಹೂತ ಒಂಟಿ ಗುಂಡುಕಲ್ಲೂ ಆಗಿರಬಹುದು. ಇನ್ನಷ್ಟು ಕೊರೆಸಿ, ಕಲ್ಲಿನ ತುಂಡು ಹೊರತೆಗೆಸಿ ನೋಡಬೇಕು.

ಗುಂಡಿಯಲ್ಲಿ ತಟ್ಟೆ ಇಟ್ಟು ಭಾರ ಹೇರುವ ಪರೀಕ್ಷೆಯನ್ನಷ್ಟೇ ನಂಬಬೇಡಿ. 30 ಸೆಂ.ಮೀ. ತಟ್ಟೆಯ ಒತ್ತಡ ಸುಮಾರು 60 ಸೆಂ.ಮೀ. ಆಳದವರೆಗಿನ ಮಣ್ಣನ್ನಷ್ಟೇ ಮುಟ್ಟುತ್ತದೆ. ನಿಮ್ಮ ಕಂಬದ ಪಾದ ಅದಕ್ಕಿಂತ ಎಷ್ಟೋ ಅಗಲ, ಅದರ ಭಾರವೂ ಅಷ್ಟೇ ಹೆಚ್ಚು ಆಳಕ್ಕೆ ಹೋಗುತ್ತದೆ.

ಮಣ್ಣು ಕಪ್ಪಗಿದ್ದು ಬೇಸಿಗೆಯಲ್ಲಿ ಬಿರುಕು ಬಿಡುತ್ತಿದ್ದರೆ ಉಬ್ಬುವಿಕೆಯ ಪರೀಕ್ಷೆಯನ್ನು ಕೇಳಿ ಮಾಡಿಸಿ. ಜರಡಿ ಹಿಡಿದ ಒಣಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ, ಒಂದನ್ನು ನೀರಿಗೆ, ಇನ್ನೊಂದನ್ನು ಸೀಮೆಎಣ್ಣೆಗೆ ಹಾಕಿ ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನದು ಅದಕ್ಕಿಂತ ಎಷ್ಟು ಮೇಲೆದ್ದಿದೆಯೋ ಅಷ್ಟೂ ಗೋಡೆಗೆ ಅಪಾಯ.

ಗೊಬ್ಬರಕ್ಕಾಗಿ ಮಾಡಿಸಿದ ಮಣ್ಣು ಪರೀಕ್ಷೆಯ ಚೀಟಿ ಇದಕ್ಕೆ ಬರುವುದಿಲ್ಲ. ಮಂಡ್ಯ, ಮೈಸೂರಿನ ಇಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ವಿಚಾರಿಸಿ. ವರದಿಯಲ್ಲಿ ನೀರಿನ ಮಟ್ಟ, ಅದನ್ನು ಅಳೆದ ತಾರೀಖು ಎರಡೂ ಇರಲೇಬೇಕು. ಅದು ಕೈಗೆ ಬರುವ ತನಕ ಪಾಯದ ನಕ್ಷೆಗೆ ಒಪ್ಪಿಗೆ ಕೊಡಬೇಡಿ.